ಸೋಯಾ ಹಾಲಿನ ಹಸಿ ವಾಸನೆ ಹೋಗುವುದು ಹೇಗೆ?

ತುಮಕೂರಿನಿಂದ:
ಮಗಳಿಗೆ ಹಸುವಿನ ಹಾಲು ಒಗ್ಗುವುದಿಲ್ಲ, ಅದಕ್ಕೆ ಸೋಯಾ ಹಾಲು ಮನೆಯಲ್ಲೇ ಮಾಡುತ್ತಿದ್ದೇನೆ. ರಾತ್ರಿ ಕಾಳು ನೆನೆಸಿ, ಬೆಳಿಗ್ಗೆ ತಣ್ಣೀರಲ್ಲಿ ರುಬ್ಬಿ, ಸೋಸಿ ಕಾಯಿಸುತ್ತೇನೆ. ಹಸಿ ಕಾಳಿನ ವಾಸನೆ ಜಾಸ್ತಿ, ಅವಳು ಲೋಟ ಮುಟ್ಟುವುದಿಲ್ಲ. ಏಲಕ್ಕಿ ಹಾಕಿದರೂ ಅಷ್ಟೇ. ಏನು ಮಾಡಲಿ?

ಕೋಲಾರದಿಂದ:
ತಣ್ಣೀರೇ ಕಾರಣ ಮೇಡಂ. ಕಾಳು ಒಡೆದು ನೀರು, ಗಾಳಿ ತಾಗಿದ ಕೂಡಲೇ ಅದರಲ್ಲಿರುವ ಲಿಪಾಕ್ಸಿಜಿನೇಸ್ ಅನ್ನೋ ಕಿಣ್ವ ಕಾಳಿನ ಎಣ್ಣೆಯಂಶದ ಮೇಲೆ ಕೆಲಸ ಶುರು ಮಾಡುತ್ತದೆ, ವಾಸನೆ ಹುಟ್ಟುವುದು ಅಲ್ಲೇ. ಆಮೇಲೆ ಏಲಕ್ಕಿ ಹಾಕಿ ಏನು ಪ್ರಯೋಜನ? ನೆನೆದ ಕಾಳನ್ನು ಕುದಿಯುವ ನೀರಲ್ಲಿ 5 ನಿಮಿಷ ಬೇಯಿಸಿ, ಸಿಪ್ಪೆ ಉಜ್ಜಿ ತೆಗೆದು, ಬಿಸಿನೀರು ಹಾಕಿಯೇ ರುಬ್ಬಿ. 100 ಗ್ರಾಂ ಒಣಕಾಳಿಗೆ ಸುಮಾರು 1 ಲೀಟರ್ ನೀರು ಸಾಕು. ಜಾರ್ ಅರ್ಧ ಮಾತ್ರ ತುಂಬಿಸಿ, ಬಿಸಿಗೆ ಮುಚ್ಚಳ ಹಾರುತ್ತದೆ.

ಚಿಂತಾಮಣಿಯಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಕುದಿಸುವುದೂ ಅಷ್ಟೇ ಮುಖ್ಯ ಕಣ್ರೀ, ನೊರೆ ಬೇಗ ಉಕ್ಕುತ್ತದೆ, ಅದನ್ನು ನೋಡಿ ಕುದಿಯಿತು ಅಂತ ಒಲೆ ಆರಿಸಬೇಡಿ. ಸಣ್ಣ ಉರಿಯಲ್ಲಿ ತಿರುವುತ್ತಾ 15–20 ನಿಮಿಷ ಕುದಿಸಿ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ, ಚೆನ್ನಾಗಿ ಬೆಂದರೆ ಬಹುಪಾಲು ಹೋಗುತ್ತದೆ. ಇನ್ನೊಂದು, ಮನೆಯ ಸೋಯಾ ಹಾಲಿನಲ್ಲಿ ಕ್ಯಾಲ್ಸಿಯಂ ಕಡಿಮೆ. ಮಗು ಅಲ್ವಾ, ಡಾಕ್ಟರನ್ನು ಒಮ್ಮೆ ಕೇಳಿ. ರಾಗಿ ಗಂಜಿ, ಮುದ್ದೆ ಬಿಡಬೇಡಿ.

ತುಮಕೂರಿನಿಂದ:
ತುಂಬಾ ಥ್ಯಾಂಕ್ಸ್, ನಾಳೆಯೇ ಬಿಸಿನೀರಲ್ಲಿ ರುಬ್ಬುತ್ತೇನೆ. ಸೋಸಿದ ಚರಟ ಎಸೆಯಬೇಕಾ?

ಕೋಲಾರದಿಂದ:
ಅಯ್ಯೋ ಬೇಡ! ಈರುಳ್ಳಿ, ಸಬ್ಬಸಿಗೆ ಸೊಪ್ಪಿನ ಜೊತೆ ರಾಗಿ ರೊಟ್ಟಿ ಹಿಟ್ಟಿಗೆ ಕಲಸಿ. ಬೇಗ ಹಳಸುತ್ತದೆ, ಅವತ್ತೇ ಬಳಸಿ.