ಪ್ಯಾಕೆಟ್ ಟ್ರೇಸರ್ (ನೆಟ್‌ವರ್ಕ್ ಕಟ್ಟಿ ಕಲಿಯೋ ಸಿಸ್ಕೋ ಸಾಫ್ಟ್‌ವೇರ್): ಒಂದೇ ರೂಟರ್, ಎರಡು ನೆಟ್‌ವರ್ಕ್, ಪಿಂಗ್ ಹೋಗ್ತಿಲ್ಲ

ಪ್ರಶ್ನೆ: ರೂಟರ್‌ನ ಎರಡು ಪೋರ್ಟಿಗೆ 192.168.1.1, 192.168.2.1 ಕೊಟ್ಟಿದ್ದೇನೆ, ಎರಡಕ್ಕೂ /24 (ವಿಳಾಸದ ಮೊದಲ ಮೂರು ಸಂಖ್ಯೆ ನೆಟ್‌ವರ್ಕಿನದು). ಪಿಸಿಗಳು 192.168.1.10 ಮತ್ತು 192.168.2.10. ಒಂದರಿಂದ ಇನ್ನೊಂದಕ್ಕೆ ಪಿಂಗ್ (ಆಚೆ ಯಂತ್ರ ಉತ್ತರ ಕೊಡುತ್ತಾ ಅನ್ನೋ ಪರೀಕ್ಷೆ) ಮಾಡಿದರೆ ಕಳಿಸಿದ ನಾಲ್ಕೂ ಟೈಮ್‌ಔಟ್. ಸ್ಟಾಟಿಕ್ ರೂಟ್ (ಕೈಯಾರೆ ಬರೆದು ಕೊಡೋ ದಾರಿ) ಹಾಕಬೇಕಾ?

ಉತ್ತರ: ಬೇಡ. ನೇರವಾಗಿ ಸೇರಿಕೊಂಡ ನೆಟ್‌ವರ್ಕ್‌ಗಳು ಪೋರ್ಟ್ ಅಪ್ ಆದ ಕೂಡಲೇ ರೂಟಿಂಗ್ ಟೇಬಲ್‌ಗೆ (ರೂಟರ್‌ಗೆ ಗೊತ್ತಿರೋ ದಾರಿಗಳ ಪಟ್ಟಿ) ತಾವಾಗಿಯೇ ಬರುತ್ತವೆ. ರೂಟರ್‌ನಲ್ಲಿ 'ಶೋ ಐಪಿ ಇಂಟರ್‌ಫೇಸ್ ಬ್ರೀಫ್' ಕಮಾಂಡ್ ಕೊಟ್ಟು ನೋಡಿ. 'ಅಡ್ಮಿನಿಸ್ಟ್ರೇಟಿವ್ಲಿ ಡೌನ್' ಅಂತಿದ್ದರೆ ಆ ಇಂಟರ್‌ಫೇಸ್ (ಪೋರ್ಟ್) ಒಳಗೆ ಹೋಗಿ 'ನೋ ಶಟ್‌ಡೌನ್' ಕೊಡಿ. ಸಿಸ್ಕೋ ರೂಟರ್‌ನ ಪೋರ್ಟುಗಳು ಮೊದಲಿಗೆ ಮುಚ್ಚಿಯೇ ಇರುತ್ತವೆ, ಸ್ವಿಚ್‌ನವು ಹಾಗಲ್ಲ. ಹೊಸಬರು ಎಡವೋದು ಇಲ್ಲೇ.

ಕೇಳಿದವರು: ಎರಡೂ ಅಪ್ ಆಯ್ತು ಸರ್. ಮೊದಲ ಪಿಸಿಯಿಂದ 192.168.1.1ಕ್ಕೆ ಉತ್ತರ ಬರ್ತಿದೆ, ಆಚೆ ಪಿಸಿಗೆ ಇಲ್ಲ.

ಮತ್ತೊಬ್ಬರು: ಪಿಸಿಗಳಿಗೆ ಡಿಫಾಲ್ಟ್ ಗೇಟ್‌ವೇ (ಹೊರಗೆ ಹೋಗೋಕೆ ಬಳಸೋ ರೂಟರ್ ವಿಳಾಸ) ಹಾಕಿದ್ದೀರಾ? ಗುರಿ ಬೇರೆ ಸಬ್‌ನೆಟ್‌ನಲ್ಲಿದ್ದರೆ (ಬೇರೆ ನೆಟ್‌ವರ್ಕ್‌ನಲ್ಲಿದ್ದರೆ) ಪಿಸಿ ಪ್ಯಾಕೆಟ್ಟನ್ನು ಗೇಟ್‌ವೇ ಕೈಗೆ ಕೊಡುತ್ತೆ. ಮೊದಲನೆಯದಕ್ಕೆ 192.168.1.1, ಎರಡನೆಯದಕ್ಕೆ 192.168.2.1. ಈಚೆ ಪಿಸಿಗೆ ಮಾತ್ರ ಹಾಕಿದರೆ ಪ್ಯಾಕೆಟ್ ತಲುಪುತ್ತೆ, ಆದರೆ ಉತ್ತರ ವಾಪಸ್ ಬರೋಕೆ ದಾರಿ ಇರಲ್ಲ. ಆಗಲೂ ನಿಮಗೆ ಕಾಣೋದು ಟೈಮ್‌ಔಟೇ. ಎಲ್ಲ ಸರಿಯಾದ ಮೇಲೂ ಮೊದಲ ಒಂದೆರಡು ಪಿಂಗ್‌ಗೆ ಉತ್ತರ ಬರದಿದ್ದರೆ ಗಾಬರಿ ಬೇಡ, ಎಆರ್‌ಪಿ (ಐಪಿ ವಿಳಾಸದಿಂದ ಮ್ಯಾಕ್ ವಿಳಾಸ, ಅಂದರೆ ಹಾರ್ಡ್‌ವೇರ್ ವಿಳಾಸ, ತಿಳಿಯೋ ವಿಧಾನ) ಅದನ್ನು ಹುಡುಕೋವರೆಗೆ ಅಷ್ಟೆ. ಸೆಟ್ಟಿಂಗ್ ಉಳಿಸೋಕೆ ರೂಟರ್‌ನಲ್ಲಿ 'ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್' ಕೊಡೋದು ಮರೀಬೇಡಿ, ಇಲ್ಲದಿದ್ದರೆ ರೂಟರ್ ರೀಲೋಡ್ ಆದಾಗ ಮಾಡಿದ್ದೆಲ್ಲ ಹೋಗುತ್ತೆ.