ಕಡಲ ಹೊಳಪು ಫೋನಲ್ಲಿ ನೀಲಿ, ಕಣ್ಣಿಗೆ ಮಾತ್ರ ಮಾಸಲು ಬಿಳಿ. ಯಾಕೆ?

ಮಾಜಾಳಿ_ಅಲೆ:
ನಿನ್ನೆ ರಾತ್ರಿ ಮಾಜಾಳಿ ಬೀಚಲ್ಲಿ ಅಲೆ ಒಡೆಯುವಾಗ ಆ ಹೊಳಪು ಬಂದಿತ್ತು. ನೈಟ್ ಮೋಡಲ್ಲಿ ಫೋಟೊ ತೆಗೆದ್ರೆ ಕಡು ನೀಲಿ, ಬರಿಗಣ್ಣಿಗೆ ದೂರದ ಅಲೆ ಬರೀ ಮಾಸಲು ಬಿಳಿ ಗೆರೆ, ಕಾಲಡಿ ಒದ್ದೆ ಮರಳು ತುಳಿದಾಗ ಮಾತ್ರ ನೀಲಿ ಕಿಡಿ ಕಾಣ್ತಿತ್ತು. ಫೋನು ಬಣ್ಣ ಸೇರಿಸ್ತದಾ ಅಥವಾ ನಮ್ಮ ಕಣ್ಣೇ ಬಣ್ಣ ಬಿಡ್ತದಾ? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಕುಮಟಾ_ಗಾಳಿ:
ನೀಲಿ ಅಲ್ಲಿ ನಿಜವಾಗ್ಲೂ ಉಂಟು. ನಮ್ಮ ಕಡಲಲ್ಲಿ ಇದು ಹೆಚ್ಚಾಗಿ ನಾಕ್ಟಿಲೂಕ ಅನ್ನೋ ಏಕಕೋಶ ಜೀವಿ, ನೀರು ಅಲುಗಿದ್ರೆ ಬೆಳಕು ಬಿಡ್ತದೆ, ಅದರ ತರಂಗಾಂತರ ಸುಮಾರು 470 ನ್ಯಾನೋಮೀಟರ್, ಅಂದ್ರೆ ನೀಲಿ. ವಿಷಯ ಇರೋದು ರೆಟಿನಾದಲ್ಲಿ, ಅಂದ್ರೆ ಕಣ್ಣಿನ ಒಳಗೆ ಹಿಂದುಗಡೆ ಬೆಳಕು ಹಿಡಿಯೋ ಪರದೆಯಲ್ಲಿ. ಅಲ್ಲಿ ಬೆಳಕು ಗುರುತಿಸೋ ಕೋಶ ಎರಡು ಬಗೆ: ಕೋನ್ ಕೋಶ ಸುಮಾರು 60 ಲಕ್ಷ, ರಾಡ್ ಸುಮಾರು 12 ಕೋಟಿ. ಕೋನಲ್ಲಿ ಮೂರು ಬಗೆ, ಮೂರರ ಉತ್ತರ ಹೋಲಿಸಿನೇ ಬಣ್ಣ ಗೊತ್ತಾಗೋದು, ಆದ್ರೆ ಅವಕ್ಕೆ ಬೆಳಕು ಜಾಸ್ತಿ ಬೇಕು. ರಾಡಿಗೆ ಚೂರು ಬೆಳಕು ಸಾಕು, ಆದ್ರೆ ಅದರಲ್ಲಿ ಬೆಳಕು ಹೀರೋ ವಸ್ತು ರೊಡಾಪ್ಸಿನ್ ಒಂದೇ ಇರೋದು, ಹೋಲಿಸೋಕೆ ಇನ್ನೊಂದಿಲ್ಲ, ಹಾಗಾಗಿ ಬೆಳಕು ಎಷ್ಟು ಅಂತ ಹೇಳ್ತದೆಯೇ ಹೊರತು ಯಾವ ಬಣ್ಣ ಅಂತ ಹೇಳೋದಿಲ್ಲ. ದೂರದ ಅಲೆ ರಾಡಿಗೆ ಮಾತ್ರ ಸಿಕ್ಕಿದೆ, ಕಾಲಡಿದು ಹತ್ತಿರ, ಪ್ರಖರ, ಅದಕ್ಕೆ ಕೋನಿಗೂ ಮುಟ್ಟಿದೆ. ಫೋನು ಕೆಲವು ಸೆಕೆಂಡಿನ ಬೆಳಕನ್ನ ಕೂಡಿಸಿಟ್ಟು ಆಮೇಲೆ ಚಿತ್ರ ಮಾಡ್ತದೆ, ಮೇಲಿಂದ ಬಣ್ಣನೂ ಸ್ವಲ್ಪ ಏರಿಸ್ತದೆ. ಕಣ್ಣಿಗೆ ಅಷ್ಟು ಹೊತ್ತು ಕೂಡಿಸೋಕೆ ಬರೋದಿಲ್ಲ.

ಶಿರಸಿ_ಮಳೆಗಾಲ:
ಮೇಲಿನವರು ಹೇಳಿದ್ದು ಸರಿ ಉಂಟು. ಸಂಜೆ ಹೊತ್ತು ಅಂಗಳದ ಕೆಂಪು ದಾಸವಾಳ ನೋಡಿ, ಬೆಳಕು ಇಳೀತಾ ಹೋದ ಹಾಗೆ ಹೂ ಮೊದಲು ಕಪ್ಪಾಗ್ತದೆ, ಎಲೆ ಇನ್ನೂ ತಿಳಿಯಾಗೇ ಕಾಣ್ತಿರ್ತದೆ. ಹಗಲಲ್ಲಿ ಕಣ್ಣಿಗೆ ಅತಿ ಪ್ರಖರ ಅನ್ಸೋದು 555 ನ್ಯಾನೋಮೀಟರ್ ಆಸುಪಾಸಿನ ಹಳದಿ-ಹಸಿರು, ಕತ್ತಲಾದ್ರೆ ಅದು 507ಕ್ಕೆ ಅಂದ್ರೆ ನೀಲಿ-ಹಸಿರಿನ ಕಡೆ ಸರೀತದೆ, ಕೆಂಪು ರಾಡಿಗೆ ಹೆಚ್ಚುಕಡಿಮೆ ಕಾಣೋದೇ ಇಲ್ಲ. ಇದಕ್ಕೆ ಪರ್ಕಿಂಜೆ ಪರಿಣಾಮ ಅಂತಾರೆ, ಜೆಕ್ ವಿಜ್ಞಾನಿ ಪರ್ಕಿಂಜೆ 1819ರಲ್ಲಿ ಗಮನಿಸಿದ್ದು. ನನ್ನ ಪ್ರಕಾರ ಪಾಠಕ್ಕಿಂತ ಮಕ್ಕಳಿಗೆ ಇದನ್ನ ಅಂಗಳದಲ್ಲೇ ತೋರಿಸ್ಬೇಕು, ಎಷ್ಟು ಚಂದ ಅರ್ಥ ಆಗ್ತದೆ.

ಮಾಜಾಳಿ_ಅಲೆ:
ಓಹೋ, ಹಾಗಾದ್ರೆ ಇವತ್ತು ಹೋದ್ರೆ ಚೆನ್ನಾಗಿ ಕಾಣೋಕೆ ಏನು ಮಾಡ್ಬೇಕು?

ಕುಮಟಾ_ಗಾಳಿ:
ಫೋನ್ ಕಿಸೆಯಲ್ಲಿಡಿ. ರಾಡ್ ಪೂರ್ತಿ ತಯಾರಾಗೋಕೆ 20-30 ನಿಮಿಷ ಬೇಕು, ನಡುವೆ ಒಮ್ಮೆ ಸ್ಕ್ರೀನ್ ನೋಡಿದ್ರೂ ಮತ್ತೆ ಕಾಯ್ಬೇಕು. ಇನ್ನೊಂದು, ನೇರ ದಿಟ್ಟಿಸಬೇಡಿ, ರೆಟಿನಾದ ನಡುಮಧ್ಯೆ ರಾಡ್ ಇಲ್ಲ, ಅಲೆಯ ಸ್ವಲ್ಪ ಪಕ್ಕಕ್ಕೆ ನೋಡಿ. ಬಂಡೆ ಕಡೆ ಹೋಗೋದಾದ್ರೆ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಕಾಗದ ಕಟ್ಟಿಕೊಳ್ಳಿ.