ಕೆಲಸ, ಮಕ್ಕಳು, ಮನೆ: ಇದರ ಮಧ್ಯೆ ಪ್ರಾರ್ಥನೆಗೆ ಹೇಗೆ ಸಮಯ ಮಾಡಿಕೊಳ್ಳುತ್ತೀರಿ?

ಕೇಳಿದವರು: ಎಲ್ಲರಿಗೂ ವಂದನೆ. ನನಗೆ ಇಬ್ಬರು ಚಿಕ್ಕ ಮಕ್ಕಳು, ದಿನಪೂರ್ತಿ ಕೆಲಸ. ಮದುವೆಗೆ ಮುಂಚೆ ದಿನಾ ಬೆಳಿಗ್ಗೆ ಒಂದು ಗಂಟೆ ಬೈಬಲ್ ಓದಿ ಪ್ರಾರ್ಥನೆ ಮಾಡುತ್ತಿದ್ದೆ. ಈಗ ರಾತ್ರಿ ಮೊಣಕಾಲೂರಿದರೆ ಅಲ್ಲೇ ನಿದ್ದೆ ಹತ್ತುತ್ತದೆ. ವರ್ಷದಲ್ಲಿ ಪೂರ್ತಿ ಬೈಬಲ್ ಓದೋಣ ಅಂತ ಜನವರಿಯಲ್ಲಿ ಶುರು ಮಾಡಿದೆ, ಮೂರನೇ ಪುಸ್ತಕ ಯಾಜಕಕಾಂಡಕ್ಕೇ ನಿಂತುಹೋಯಿತು. ದೇವರಿಂದ ದೂರ ಹೋಗುತ್ತಿದ್ದೇನೆ ಅನ್ನುವ ಭಯ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಉತ್ತರ: ಸಿಸ್ಟರ್, ನನ್ನ ಮಕ್ಕಳೀಗ ದೊಡ್ಡವರು. ಆದರೆ ಆ ದಿನಗಳು ಇನ್ನೂ ಚೆನ್ನಾಗಿ ನೆನಪಿವೆ. ಮೊದಲು ವರ್ಷದಲ್ಲಿ ಪೂರ್ತಿ ಬೈಬಲ್ ಮುಗಿಸುವ ಆ ಯೋಜನೆಯನ್ನು ಸದ್ಯಕ್ಕೆ ಬಿಡಿ. ನಮ್ಮ ಬೈಬಲಿನ 66 ಪುಸ್ತಕಗಳಲ್ಲಿ 1,189 ಅಧ್ಯಾಯ ಇವೆ. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ ಓದಬೇಕು. ನಾಲ್ಕು ದಿನ ತಪ್ಪಿತೋ, ಹದಿಮೂರು ಅಧ್ಯಾಯ ಬಾಕಿ. ಆಮೇಲೆ ಸಾಲ ತೀರಿಸುವ ಹಾಗೆ ಓದುತ್ತೇವೆ, ಏನೂ ಒಳಗೆ ಇಳಿಯುವುದಿಲ್ಲ.

ನಾನು ಮಾರ್ಕನ ಸುವಾರ್ತೆ ಹಿಡಿದೆ. ಬರೀ 16 ಅಧ್ಯಾಯ. ದಿನಕ್ಕೆ ಒಂದು ಘಟನೆ, ಎಂಟು ಹತ್ತು ವಚನ, ಅಷ್ಟೇ. ಮಗು ನನ್ನ ತೋಳು ಹಿಡಿದುಕೊಂಡೇ ಮಲಗುತ್ತಿತ್ತು. ಅಲುಗಾಡಿದರೆ ಎಚ್ಚರವಾಗುತ್ತದೆ ಅಂತ ಲೈಟ್ ಹಾಕದೆ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಓದುತ್ತಿದ್ದೆ. ಒಂದು ರಾತ್ರಿ ಆರನೇ ಅಧ್ಯಾಯ ಬಂತು. ಬರುವವರು ಹೋಗುವವರು ಎಷ್ಟು ಜನ ಅಂದರೆ ಶಿಷ್ಯರಿಗೆ ಊಟ ಮಾಡುವುದಕ್ಕೂ ಬಿಡುವಿಲ್ಲ. ಯೇಸುಸ್ವಾಮಿ ಅವರನ್ನು ಗದರಲಿಲ್ಲ. ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಕರೆದರು. ಎಷ್ಟೋ ಸಲ ಓದಿದ್ದ ಅಧ್ಯಾಯ ಅದು. ಆದರೆ ಆವತ್ತು ಮುಂದಕ್ಕೆ ಓದಲು ಆಗಲಿಲ್ಲ, ಕಣ್ಣು ತುಂಬಿ ಬಂತು.

ನಿದ್ದೆ ಹತ್ತುತ್ತದೆ ಅಂತ ಬೇಸರ ಬೇಡ. ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯ ಓದಿ. ಪ್ರವಾದಿ ಎಲೀಯ ಸಾಕಾಗಿ ಹೋಗಿ ಮರದ ಕೆಳಗೆ ಮಲಗಿದ್ದಾನೆ. ದೂತ ಬಂದು ಊಟ ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲವೂ ಬಂದು ಊಟವನ್ನೇ ಕೊಡುತ್ತಾನೆ. ದೇವರ ಮೆಲುದನಿ ಅವನಿಗೆ ಕೇಳಿಸಿದ್ದು ಆಮೇಲೆ.

ಉತ್ತರ: ನಾನು ನರ್ಸ್. ನೈಟ್ ಡ್ಯೂಟಿ ಇದ್ದಾಗ ಬೆಳಗಿನ ಧ್ಯಾನ ಎಲ್ಲಿಂದ ಬರಬೇಕು? ನಮಗೆ ಪ್ರತಿ ರೋಗಿಯನ್ನು ಮುಟ್ಟುವ ಮುಂಚೆ ಕೈ ತೊಳೆಯಬೇಕು. ಕೈ ಉಜ್ಜುವಷ್ಟು ಹೊತ್ತು ಆ ಒಬ್ಬರ ಹೆಸರು ಹೇಳಿ ಮನಸ್ಸಿನಲ್ಲೇ ಪ್ರಾರ್ಥಿಸುತ್ತೇನೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ನಿಧಾನಕ್ಕೆ ಹೇಳಿದರೂ ಅರ್ಧ ನಿಮಿಷ ಸಾಕು. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಒಂದು ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಕೂಡ ಪಾತ್ರೆಗಳ ನಡುವೆಯೇ ದೇವರ ಜೊತೆ ಮಾತಾಡುತ್ತಿದ್ದರು.

ಆದರೆ ಒಂದು ಮಾತು. ಬೈಬಲಿನಲ್ಲಿ ಪರ್ಷಿಯ ರಾಜನ ಸೇವಕನಾಗಿದ್ದ ನೆಹೆಮೀಯ ರಾಜನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಒಂದು ಕ್ಷಣದಲ್ಲಿ ಪ್ರಾರ್ಥಿಸಿದ, ನಿಜ. ಅದಕ್ಕೂ ಮುಂಚೆ ಎಷ್ಟೋ ದಿನ ಅತ್ತು, ಉಪವಾಸವಿದ್ದು ಪ್ರಾರ್ಥಿಸಿದ್ದ. ಹಾಗಾಗಿ ಚಿಕ್ಕ ಪ್ರಾರ್ಥನೆಯೊಂದೇ ಸಾಕು ಅಂತ ನಾನು ಹೇಳುವುದಿಲ್ಲ. ರಜೆಯ ದಿನ ಒಂದು ಗಂಟೆ ಫೋನ್ ಆಫ್ ಮಾಡಿ ಕೂರುತ್ತೇನೆ. ಅದು ತಪ್ಪಿದ ವಾರ ಡ್ಯೂಟಿಯ ಪ್ರಾರ್ಥನೆಯೂ ಬಾಯಿಮಾತಾಗಿ ಬಿಡುತ್ತದೆ.

ಉತ್ತರ: ನಿಮ್ಮ ಯಜಮಾನರಿಗೆ ಇದನ್ನು ಹೇಳಿದ್ದೀರಾ? ನನ್ನ ಹೆಂಡತಿ ಹೇಳುವವರೆಗೆ ನನಗೆ ಗೊತ್ತೇ ಆಗಿರಲಿಲ್ಲ. ಈಗ ಬೆಳಿಗ್ಗೆ ಇಪ್ಪತ್ತು ನಿಮಿಷ ಮಕ್ಕಳು ನನ್ನ ಹತ್ತಿರ, ಅವಳು ಬಾಗಿಲು ಹಾಕಿಕೊಂಡು ಕೂರುತ್ತಾಳೆ. ರಾತ್ರಿ ನನ್ನ ಸರದಿ.

ಉತ್ತರ: ನನ್ನ ಕಷ್ಟ ಬೇರೆ ಥರ ಇತ್ತು. ಸಂಡೇ ಸ್ಕೂಲ್, ಕ್ವಾಯರ್, ಬುಧವಾರದ ಪ್ರಾರ್ಥನಾ ಕೂಟ, ಎಲ್ಲದಕ್ಕೂ ಹೂಂ ಅಂದಿದ್ದೆ. ಭಾನುವಾರ ಆರಾಧನೆ ಮುಗಿದ ಮೇಲೆ ಪ್ರಸಂಗ ಯಾವುದರ ಮೇಲಿತ್ತು ಅಂದರೆ ಹೇಳಲು ಬರುತ್ತಿರಲಿಲ್ಲ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸುವನ್ನು ಮನೆಗೆ ಕರೆದ ಮಾರ್ಥ ಕೆಟ್ಟ ಕೆಲಸವನ್ನೇನೂ ಮಾಡಲಿಲ್ಲ, ಅಲ್ವಾ? ಸ್ವಾಮಿಗಾಗಿಯೇ ಓಡಾಡುತ್ತಿದ್ದಳು. ಆದರೂ ಅವಳ ಮನಸ್ಸು ನೂರು ಕಡೆ ಹಂಚಿಹೋಗಿತ್ತು. ನಾನು ಪಾಸ್ಟರ್ ಹತ್ತಿರ ಹೋಗಿ ಎರಡು ಜವಾಬ್ದಾರಿ ಬಿಟ್ಟೆ. ಹೇಳುವಾಗ ಧ್ವನಿ ನಡುಗುತ್ತಿತ್ತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಈಗ ಸಂಡೇ ಸ್ಕೂಲ್ ಮಾತ್ರ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮನೆಯವರ ಹತ್ತಿರ ಮಾತಾಡಿದೆ. ಬೆಳಿಗ್ಗೆ ಹದಿನೈದು ನಿಮಿಷ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಅಂದರು. ಇವತ್ತು ಮಾರ್ಕ 1 ತೆಗೆದೆ. ಎಂಟನೇ ವಚನಕ್ಕೆ ಬರುವಷ್ಟರಲ್ಲಿ ಚಿಕ್ಕವಳು ಬಾಗಿಲು ತಳ್ಳಿಕೊಂಡು ಬಂದು ಮಡಿಲಲ್ಲಿ ಕೂತಳು. ಅವಳಿಗೂ ಕೇಳಲಿ ಅಂತ ಮುಂದಿನದ್ದನ್ನು ಗಟ್ಟಿಯಾಗಿ ಓದಿದೆ.